ಗಲಾಟೆಯಿಲ್ಲದ ಫೈನಲ್

ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಒಂದೇ ಓಟದಲ್ಲಿ ಒಯ್ಯಬೇಕು. ನಡುವೆ ನಿಂತರೆ ಹಸಿರು ಬಟ್ಟೆ ಸುಡುತ್ತದೆ. ಹಿಂದಕ್ಕೆ ಎಳೆದರೆ ಬಟ್ಟೆಯ ನವಿರೆದ್ದು, ಅದರ ಮೇಲೆ ಓಡುವ ಚೆಂಡು ಕುಡಿದವನ ಹಾಗೆ ಪಕ್ಕಕ್ಕೆ ವಾಲುತ್ತದೆ. ಹನ್ನೊಂದು ವರ್ಷದಿಂದ, ಕೋಲಿನಿಂದ ಚೆಂಡು ಹೊಡೆದಾಡುವ ಪೂಲ್ ಆಟದ ಕ್ಲಬ್ಬಿನ ನಾಲ್ಕು ಮೇಜುಗಳಿಗೂ ದಿನಾ ಬೆಳಿಗ್ಗೆ ಬ್ರಶ್ಶು ಎಳೆದು ಇಸ್ತ್ರಿ ಹಾಕುತ್ತಿದ್ದವಳಿಗೆ ಆಟಗಾರರು ಇಟ್ಟ ಹೆಸರು ಇಸ್ತ್ರಿಯಕ್ಕ. ಕ್ಲಬ್ಬು ಅವಳ ಭಾವನದು. ಮಹಡಿಯ ಮೇಲೆ ಮನೆ, ಕೆಳಗೆ ಕ್ಲಬ್ಬು. ಬಸ್ಸು ಓಡಿಸುವ ಗಂಡ ವಾರಕ್ಕೆ ನಾಲ್ಕು ದಿನ ಊರಲ್ಲಿರುತ್ತಿರಲಿಲ್ಲ.

ಆ ದಿನ ಫೈನಲ್. ದೊಡ್ಡ ಮೇಜಿನ ಅರ್ಧ ಇಸ್ತ್ರಿ ಮುಗಿದಿತ್ತು. ಇಸ್ತ್ರಿಯಕ್ಕನ ಕೈ ಕೆಲಸ ಮಾಡುತ್ತಿದ್ದರೂ ಮನಸ್ಸು ಮಾತ್ರ ಅರ್ಧ ಗಂಟೆಯ ಹಿಂದೆಯೇ ನಿಂತುಬಿಟ್ಟಿತ್ತು. ಬಾಗಿಲಿಗೆ ಅಗುಳಿ ಹಾಕಿಕೊಂಡು ಒಬ್ಬಳೇ ಒಂದು ಆಟ ಆಡುವುದು ಅವಳ ದಿನದ ಕಳ್ಳತನ. ಅವತ್ತು ಏಳು ಚೆಂಡುಗಳನ್ನು ಒಂದರ ಹಿಂದೆ ಒಂದರಂತೆ ಇಳಿಸಿ, ಕೊನೆಯ ಕರಿ ಚೆಂಡನ್ನು ಮೇಜಿನ ಉದ್ದಕ್ಕೂ ಓಡಿಸಿ ಮೂಲೆಯ ಪಾಕೆಟ್ಟಿಗೆ ಹಾಕಿದ್ದಳು. ಹೊಡೆದದ್ದು ತಾನೇ ಎಂದು ತನಗೇ ನಂಬಿಕೆಯಾಗದೆ ಎರಡು ಕೈ ಮೇಲೆತ್ತಿ ಕುಣಿದದ್ದೂ ಆಯಿತು. ಆ ಕುಣಿತದಲ್ಲಿ ಕೋಲಿನ ತುದಿಗೆ ಉಜ್ಜುವ ನೀಲಿ ಚಾಕಿನ ಗಟ್ಟಿ ಕೈಜಾರಿ ಬೆಂಚಿನ ಪಕ್ಕಕ್ಕೆ ಉರುಳಿತ್ತು. ಇಸ್ತ್ರಿ ಮುಗಿಸಿ ಎತ್ತಿಕೊಂಡರಾಯಿತು ಎಂದುಕೊಂಡಳು. ಮರೆತಳು. ಫಜೀತಿ ಶುರುವಾದದ್ದು ಅಲ್ಲಿಂದ.

ಆ ಫೈನಲ್ ಶಾಂತವಾಗಿ ಮುಗಿಯಬೇಕೆಂದು ಇಡೀ ಬೀದಿಯಲ್ಲಿ ಅವಳಷ್ಟು ಹಂಬಲಿಸಿದವರು ಬೇರೆ ಯಾರೂ ಇರಲಿಲ್ಲ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮೇಜುಗಳೆಲ್ಲ ಖಾಲಿ ಬಿದ್ದಿರುತ್ತವೆ, ಆ ಹೊತ್ತನ್ನು ಹೆಂಗಸರಿಗೆ ಬಿಟ್ಟುಕೊಡಿ ಎಂದು ಅವಳು ಒಂದು ವರ್ಷದಿಂದ ಭಾವನ ಬೆನ್ನು ಹತ್ತಿದ್ದಳು. ಆಸ್ಪತ್ರೆಯ ನರ್ಸು, ಹೊಲಿಗೆ ಕ್ಲಾಸಿನ ಟೀಚರು, ಭಾವನ ಹೆಂಡತಿಯೇ ಆದ ತನ್ನ ವಾರಗಿತ್ತಿ, ಇನ್ನು ಮೂವರು, ಏಳನೆಯವಳಾಗಿ ತಾನು. ಕದ್ದು ಆಡುವುದು ಸಾಕಾಗಿತ್ತು ಅವಳಿಗೆ. ತಾನು ಹೊಡೆದ ಒಂದು ಹೊಡೆತವನ್ನಾದರೂ ಇನ್ನೊಬ್ಬರು ನೋಡಬೇಕು, ಆಹಾ ಎನ್ನಬೇಕು. ಭಾವ ಹೋದ ವಾರ ಕೊನೆಗೂ ಮಾತು ಕೊಟ್ಟಿದ್ದರು: ಈ ಸಲದ ಫೈನಲ್ ಗಲಾಟೆಯಿಲ್ಲದೆ ಮುಗಿದರೆ ಸೋಮವಾರದಿಂದಲೇ ಹೆಂಗಸರ ಆಟ. ಗಲಾಟೆಯಾದರೆ ಆ ಮಾತು ಮತ್ತೆ ಎತ್ತುವ ಹಾಗಿಲ್ಲ.

ಷರತ್ತು ಸುಲಭದ್ದೇನಲ್ಲ. ಹಿಂದಿನ ವರ್ಷದ ಫೈನಲ್ಲಿನಲ್ಲಿ ಎರಡು ಕೋಲು ಮುರಿದು, ಒಂದು ಫ್ಯಾನಿನ ರೆಕ್ಕೆ ಬಗ್ಗಿ, ಗೆದ್ದವನ ಕೈಗೆ ಬಹುಮಾನದ ಕಪ್ಪು ಬಂದಾಗ ಅದು ಒಂದು ಕಡೆ ಕೆನ್ನೆ ಊದಿಸಿಕೊಂಡಂತಿತ್ತು.

ಎರಡೂವರೆಗೆ ರೆಫರಿ ಬಂದರು. ನಿವೃತ್ತ ಅಂಚೆಯವರು, ಬಿಳಿ ಕೈಗವಸು, ಬಿಳಿ ಮೀಸೆ. ಮೇಜಿನ ಸುತ್ತ ಗಂಭೀರವಾಗಿ ಒಂದು ಸುತ್ತು ಬಂದರು. ಎರಡನೆಯ ಸುತ್ತಿನಲ್ಲಿ ಬೆಂಚಿನ ಪಕ್ಕದ ಚಾಕಿನ ಗಟ್ಟಿಯ ಮೇಲೆ ಕಾಲಿಟ್ಟರು. ಒಂದು ಕಾಲು ಬಾಗಿಲಿನ ಕಡೆಗೂ ಇನ್ನೊಂದು ಕಿಟಕಿಯ ಕಡೆಗೂ ಹೊರಟಿತು. ಬೀಳಲಿಲ್ಲ, ಆದರೆ ಬಗ್ಗಿದ ಸೊಂಟ ಹಾಗೇ ಹಿಡಿದುಕೊಂಡಿತು. ಇಬ್ಬರು ಸೇರಿ ಅವರನ್ನು ಅದೇ ಆಕಾರದಲ್ಲಿ ಎತ್ತಿ, ಮಡಿಸಿದ ಕುರ್ಚಿಯನ್ನು ಸಾಗಿಸುವಂತೆ ರಿಕ್ಷಾಕ್ಕೆ ಹತ್ತಿಸಿದರು. ರಿಕ್ಷಾದೊಳಗಿಂದಲೂ ಅವರು, ಚಾಕಿನ ಗಟ್ಟಿ ನೆಲದ ಮೇಲೆ ಬಿಟ್ಟ ದರಿದ್ರ ಯಾರು ಎಂದು ಕೇಳುತ್ತಲೇ ಇದ್ದರು. ಇಸ್ತ್ರಿಯಕ್ಕ ಕಿಟಕಿಯ ಸರಳು ಒರೆಸತೊಡಗಿದಳು.

ಈಗ ರೆಫರಿ ಯಾರು? ಭಾವ ಸುತ್ತ ನೋಡಿದರು. ಸೇರಿದ್ದ ನಲವತ್ತು ಗಂಡಸರಲ್ಲಿ ಅರ್ಧ ಮೇಷ್ಟ್ರ ಕಡೆ, ಅರ್ಧ ಗುಡುಗಿನ ಕಡೆ. ಫೈನಲ್ ಆಡುವವರು ಅವರಿಬ್ಬರೇ. ಮೇಷ್ಟ್ರೆಂದರೆ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು, ಕ್ಲಬ್ಬಿನ ಸೌಜನ್ಯಕ್ಕೆಲ್ಲ ಅವರೇ ಗುತ್ತಿಗೆದಾರರು. ಎದುರಾಳಿ ಒಳ್ಳೆಯ ಹೊಡೆತ ಹೊಡೆದರೆ ಕೋಲಿನ ಬುಡವನ್ನು ನೆಲಕ್ಕೆ ತಟ್ಟಿ ಮೆಚ್ಚುವರು, ತಮ್ಮ ಸರದಿ ಬಂದಾಗ ದಯವಿಟ್ಟು ಎಂದು ದಾರಿ ಕೇಳಿ ಬರುವರು. ಗುಡುಗು ಎಂದು ಹೆಸರು ಬಿದ್ದಿದ್ದವನು ಟೈರ್ ರಿಪೇರಿಯವನು. ಅವನು ಆಡುತ್ತಿದ್ದರೆ ಬೀದಿಯ ಆಚೆ ಬದಿಯವರಿಗೂ ಸ್ಕೋರು ಗೊತ್ತಾಗುತ್ತಿತ್ತು. ಚೆಂಡಿಗೆ ಬೈಯುವನು, ಪಾಕೆಟ್ಟಿಗೆ ಬೈಯುವನು, ಫ್ಯಾನಿನ ಗಾಳಿಗೆ ಬೈಯುವನು. ಎಂಟು ವರ್ಷದಲ್ಲಿ ಒಂದು ಸಲವೂ ಕಪ್ಪು ಗೆದ್ದಿರಲಿಲ್ಲ.

ಯಾವ ಕಡೆಗೂ ಸೇರದವರು ಬೇಕು, ನಿಯಮ ಗೊತ್ತಿರುವವರು ಬೇಕು. ಉಳಿದ ಹೆಂಗಸರ ಜೊತೆ ಮೆಟ್ಟಿಲ ಮೇಲೆ ಕುಳಿತಿದ್ದ ವಾರಗಿತ್ತಿ ಅಲ್ಲಿಂದಲೇ ಹೇಳಿದಳು.

"ಇವಳಿದಾಳಲ್ಲ. ತಪ್ಪು ಹುಡುಕೋದು ಇವಳಿಗೆ ಯಾರಾದ್ರೂ ಹೇಳಿಕೊಡಬೇಕಾ? ಮನೇಲಿ ದಿನಾ ಅಭ್ಯಾಸ ಇದೆ."

ಗಂಡಸರು ನಕ್ಕರು. ನಗು ಮುಗಿಯುವಷ್ಟರಲ್ಲಿ ಅಂಚೆಯವರ ಕೈಗವಸು ಇಸ್ತ್ರಿಯಕ್ಕನ ಕೈಯಲ್ಲಿತ್ತು. ಬೇಡ ಎನ್ನಲು ಬಾಯಿ ತೆರೆದಳು. ಚಾಕಿನ ಗಟ್ಟಿಯ ನೆನಪಾಗಿ ಮುಚ್ಚಿದಳು. ಭಾವ ಕಿವಿಯ ಹತ್ತಿರ ಬಗ್ಗಿ ಹೇಳಿದರು: "ನೋಡಮ್ಮ, ಗಲಾಟೆ ಆಗಬಾರದು. ಆಯ್ತೋ, ಸೋಮವಾರದ ಮಾತು ಮರೆತುಬಿಡು."

ಐದು ಆಟದಲ್ಲಿ ಮೂರು ಗೆದ್ದವರಿಗೆ ಕಪ್ಪು. ಮೊದಲ ಆಟ ಮೇಷ್ಟ್ರದು. ಆ ಆಟದ ನಡುವೆ ಅವರ ತೋಳಿನ ಅಂಚು ಯಾರಿಗೂ ಬೇಡದ ಒಂದು ಚೆಂಡಿಗೆ ಸೋಕಿತು. ಅವರು ತಕ್ಷಣ ಕೈಯೆತ್ತಿ, ನನ್ನಿಂದ ಫೌಲ್ ಆಯಿತು ಎಂದರು. ಆಡುವವನ ಬಟ್ಟೆಯಾಗಲಿ ಮೈಯಾಗಲಿ ಚೆಂಡಿಗೆ ಸೋಕಿದರೆ ತಪ್ಪು, ಅದನ್ನು ಅವನೇ ಒಪ್ಪಿಕೊಳ್ಳಬೇಕು, ಎದುರಾಳಿ ಬಿಳಿ ಚೆಂಡನ್ನು ತನಗೆ ಬೇಕಾದಲ್ಲಿ ಇಟ್ಟು ಆಡಬಹುದು: ಇದು ಆ ಕ್ಲಬ್ಬಿನ ಕಟ್ಟಳೆ. ಚಪ್ಪಾಳೆ ಬಿತ್ತು. ಮೇಷ್ಟ್ರು ಎದೆಯ ಮೇಲೆ ಕೈಯಿಟ್ಟು ಬಾಗಿದರು.

ಎರಡನೆಯದು ಗುಡುಗಿಗೆ. ಮೂರನೆಯದರಲ್ಲಿ ಅವನೇ ಮುಂದಿದ್ದ. ಇನ್ನೊಂದೇ ಹೊಡೆತ ಎನ್ನುವಾಗ ಕೋಲು ಕೆಳಗೆ ಬಡಿದು ಅರಚಿದ.

"ಮುಟ್ಟಿದೆ ನಾನು! ಹೊಟ್ಟೆ ತಾಗಿತು. ಈ ಹೊಟ್ಟೆ ಒಂದು ಮನೇಲಿ ಬಿಟ್ಟು ಬರಕ್ಕಾಗಲ್ವಾ ನನಗೆ?"

ಅವನ ಹೊಟ್ಟೆ ಚೆಂಡಿಗೆ ತಾಗಿದ್ದನ್ನು ಅವನ ಹೊಟ್ಟೆಯ ಹೊರತು ಯಾರೂ ಕಂಡಿರಲಿಲ್ಲ. ಇಸ್ತ್ರಿಯಕ್ಕನೂ ಕಂಡಿರಲಿಲ್ಲ. ಚಪ್ಪಾಳೆಯೇನೂ ಬೀಳಲಿಲ್ಲ. ಹೀಗೆ ಕಿರುಚುವುದು ಎಂಥ ನಡತೆ ಎಂದು ಹಿಂದಿನಿಂದ ಯಾರೋ ಗೊಣಗಿದರು. ಆ ಆಟ ಮೇಷ್ಟ್ರಿಗೆ ಹೋಯಿತು. ನಾಲ್ಕನೆಯದನ್ನು ಗುಡುಗು ಹತ್ತೇ ನಿಮಿಷದಲ್ಲಿ, ಚೆಂಡುಗಳು ತನ್ನ ಸಾಲಗಾರರೇನೋ ಎಂಬ ಸಿಟ್ಟಿನಲ್ಲಿ ಅಟ್ಟಾಡಿಸಿ ಮುಗಿಸಿದ. ಎರಡಕ್ಕೆ ಎರಡು.

ಐದನೆಯ ಆಟದ ಹೊತ್ತಿಗೆ ಕಿಟಕಿಯ ಹೊರಗೂ ತಲೆಗಳು ತುಂಬಿದ್ದವು. ಹೆಂಗಸರು ಮೆಟ್ಟಿಲಿನಿಂದ ಇಳಿದು ಮೇಜಿನ ಹತ್ತಿರದ ಬೆಂಚಿಗೇ ಬಂದಿದ್ದರು. ನರ್ಸು ತನ್ನ ಉಗುರು ಮುಗಿಸಿ ಪಕ್ಕದವಳ ಉಗುರಿಗೆ ಕೈ ಹಾಕುವಂತಿದ್ದಳು. ಒಬ್ಬೊಬ್ಬರಿಗೆ ಏಳರಂತೆ ಇದ್ದ ಚೆಂಡುಗಳು ಒಂದೊಂದೇ ಇಳಿದವು. ಮೇಷ್ಟ್ರದು ಐದು, ಗುಡುಗಿನದು ಐದು. ಆರು, ಆರು. ಕೊನೆಗೆ ಮೇಜಿನ ಮೇಲೆ ಉಳಿದದ್ದು ಕರಿಯದೊಂದು, ಬಿಳಿಯದೊಂದು. ಕರಿಯದನ್ನು ಇಳಿಸಿದವನದೇ ಬಹುಮಾನದ ಕಪ್ಪು. ಸರದಿ ಮೇಷ್ಟ್ರದು.

ಬಿಳಿ ಚೆಂಡು ದೂರದಲ್ಲಿತ್ತು. ಮೇಷ್ಟ್ರು ಕರಿ ಚೆಂಡಿನ ಮೇಲೆ ಬಾಗಿ ಕೋನ ನೋಡಿದರು, ಕೈ ಚಾಚಿ ಅಳೆದರು, ಕೈ ಹಿಂದಕ್ಕೆ ತೆಗೆದುಕೊಂಡರು. ಆಗ ಅವರ ತೋಳಿನ ಗುಂಡಿ ಕರಿ ಚೆಂಡನ್ನು ಎಳ್ಳುಕಾಳಿನಷ್ಟು ಪಾಕೆಟ್ಟಿನ ಕಡೆಗೆ ಜರುಗಿಸಿತು.

ಇಸ್ತ್ರಿಯಕ್ಕ ಕಂಡಳು. ಅವಳು ಕಂಡದ್ದನ್ನು ಮೇಷ್ಟ್ರು ಕಂಡರು. ಬೇರೆ ಯಾರೂ ಕಾಣಲಿಲ್ಲ. ಅವಳು ಅವರ ಬಲಗೈಯನ್ನೇ ನೋಡುತ್ತ ಕಾದಳು. ಮೊದಲ ಆಟದಲ್ಲಿ ಅಷ್ಟು ಸಲೀಸಾಗಿ ಮೇಲೆದ್ದ ಕೈ ಈಗ ಕೋಲನ್ನು ಹಿಡಿದು ಸುಮ್ಮನಿತ್ತು. ಮೇಷ್ಟ್ರು ಮುಗುಳ್ನಕ್ಕರು. ಎಷ್ಟು ಸಜ್ಜನಿಕೆಯ ನಗು ಅದು.

ಸುಮ್ಮನಿದ್ದರೆ ಸೋಮವಾರ ಬರುತ್ತದೆ. ನರ್ಸು ಆಗಲೇ ತನ್ನ ಪಾಳಿ ಬದಲಿಸಿಕೊಂಡಿದ್ದಾಳೆ. ಹನ್ನೊಂದು ವರ್ಷ ಮೇಜು ಒರೆಸಿದವಳಿಗೆ ಒಂದು ಎಳ್ಳುಕಾಳನ್ನು ಒರೆಸಿಹಾಕುವುದು ಕಷ್ಟವೇ?  ಅಷ್ಟರಲ್ಲಿ ಬಾಯಿ, ಅವಳನ್ನು ಕೇಳದೆಯೇ, ಫೌಲ್ ಎಂದುಬಿಟ್ಟಿತು.

ಕ್ಲಬ್ಬು ಕುದಿಯತೊಡಗಿತು. ಮೇಷ್ಟ್ರ ಕಡೆಯವರು ಎದ್ದು ನಿಂತರು, ಅವರು ನಿಂತರೆಂದು ಗುಡುಗಿನ ಕಡೆಯವರು ಬೆಂಚು ಹತ್ತಿದರು. ಇಸ್ತ್ರಿ ಹಾಕುವವರಿಗೆ ಆಟದ ತೀರ್ಪು ಕೊಟ್ಟರೆ ಇನ್ನೇನಾಗುತ್ತದೆ ಎಂದು ಒಬ್ಬ ಕೇಳಿದ. ಭಾವ ಎರಡೂ ಕೈ ಚಾಚಿ ಫ್ಯಾನಿನ ಸ್ವಿಚ್ಚಿಗೆ ಅಡ್ಡ ನಿಂತರು, ಯಾಕೆಂದು ಅವರಿಗೇ ಗೊತ್ತಿರಲಿಲ್ಲ. ಮೇಷ್ಟ್ರು ಕೈಯೆತ್ತಿ ಎಲ್ಲರನ್ನೂ ಸಮಾಧಾನ ಮಾಡಿದರು.

"ತಂಗೀ, ಬೆಳಿಗ್ಗೆಯಿಂದ ದುಡಿದು ಕಣ್ಣು ದಣಿದಿರಬೇಕು ನಿನಗೆ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ಆಟ ಮುಂದುವರಿಸೋಣ."

"ಫೌಲ್ ಆಗಿದೆ ಮೇಷ್ಟ್ರೇ. ನಿಮ್ಮ ಗುಂಡಿ ತಾಗಿತು."

ಮೇಷ್ಟ್ರು ನಗು ಕೆಡದಂತೆ ಕೋಲನ್ನು ಗೋಡೆಗೆ ಒರಗಿಸಿದರು. ನ್ಯಾಯ ಸಿಗುವವರೆಗೆ ತಾವು ಶಾಂತವಾಗಿ ಪ್ರತಿಭಟಿಸುವುದಾಗಿ ತಿಳಿಸಿ, ಪಂಚೆ ಸರಿಮಾಡಿಕೊಂಡು, ಮೇಜಿನ ಖಾಲಿ ತುದಿಯಲ್ಲಿ, ಹಸಿರು ಬಟ್ಟೆಯ ಮೇಲೆ, ಕುಳಿತುಬಿಟ್ಟರು.

ಇಸ್ತ್ರಿಯಕ್ಕನಿಗೆ ಸೋಮವಾರ ಮರೆತುಹೋಯಿತು. ನರ್ಸೂ ಮರೆತುಹೋದಳು, ಭಾವನೂ ಮರೆತುಹೋದರು. ಕಣ್ಣಿಗೆ ಕಂಡದ್ದು ಬಟ್ಟೆಯ ಮೇಲೆ ಏಳುತ್ತಿದ್ದ ಸುಕ್ಕು ಮಾತ್ರ.

"ಇಳೀರಿ ಕೆಳಗೆ. ಬೆಳಿಗ್ಗೆ ಇಸ್ತ್ರಿ ಹಾಕಿದ ಬಟ್ಟೆ ಅದು."

ದೊಡ್ಡ ದನಿಯೇನಲ್ಲ. ಒರೆಸಿದ ನೆಲದ ಮೇಲೆ ಕೆಸರುಗಾಲಲ್ಲಿ ಬಂದವರಿಗೆ ಪ್ರತಿ ಮನೆಯಲ್ಲೂ ಕೇಳುವ ದನಿ. ನಲವತ್ತು ಗಂಡಸರು ಒಟ್ಟಿಗೆ ತಮ್ಮ ತಮ್ಮ ಕಾಲು ನೋಡಿಕೊಂಡರು. ಬೆಂಚು ಹತ್ತಿದ್ದವರು ಸದ್ದಿಲ್ಲದೆ ಇಳಿದರು. ಕಿಟಕಿಗೆ ಜೋತುಬಿದ್ದಿದ್ದ, ಇದಕ್ಕೆಲ್ಲ ಸಂಬಂಧವೇ ಇಲ್ಲದ ಒಬ್ಬನೂ ಇಳಿದ. ಮೇಷ್ಟ್ರು ಇಳಿದರು. ಇಳಿದು, ತಾವು ಕುಳಿತಿದ್ದ ಜಾಗವನ್ನು ಕರವಸ್ತ್ರದಿಂದ ಒರೆಸಿದರು.

 ಗುಡುಗು ಬಿಳಿ ಚೆಂಡನ್ನು ತನಗೆ ಬೇಕಾದಲ್ಲಿ ಇಟ್ಟುಕೊಂಡ. ಕರಿಯದು ಪಾಕೆಟ್ಟಿನ ಬಾಯಲ್ಲೇ ಇತ್ತು. ಊದಿದರೂ ಬೀಳುವಂತಿತ್ತು. ಎಂಟು ವರ್ಷ ಕಾದ ಕೈ ಅದನ್ನು ಊದಲಿಲ್ಲ, ಲಾರಿ ಟೈರಿಗೆ ಸುತ್ತಿಗೆ ಬೀಸುವಂತೆ ಬೀಸಿತು. ಕರಿಯದು ಬಿತ್ತು. ಅದರ ಹಿಂದೆಯೇ, ಜೊತೆ ಬಿಟ್ಟಿರಲಾರೆ ಎಂಬಂತೆ, ಬಿಳಿಯದೂ ಬಿತ್ತು. ಬಿಳಿಯದು ಜೊತೆಗೆ ಬಿದ್ದರೆ ಹೊಡೆದವನು ಸೋತಂತೆ.

 ಗುಡುಗು ಸಿಡಿದ. ಆದರೆ ಸಿಡಿದದ್ದೆಲ್ಲ ತನ್ನ ಮೇಲೆಯೇ. ಈ ಕತ್ತೆಯ ಕೈಗೆ ಕೋಲು ಕೊಟ್ಟವರು ಯಾರು, ಇವನನ್ನು ಮೊದಲು ಹೊರಗೆ ಹಾಕಿ ಎಂದು ಗರ್ಜಿಸಿ, ಯಾರೂ ಹಾಕದಿದ್ದಾಗ ತಾನೇ ತನ್ನನ್ನು ಬಾಗಿಲಿನಾಚೆ ಹಾಕಿಕೊಂಡ. ಐದು ನಿಮಿಷದ ಮೇಲೆ ಮುಖ ತೊಳೆದುಕೊಂಡು ಬಂದು ಮೇಷ್ಟ್ರ ಕೈ ಕುಲುಕಿದ.

ಭಾವನ ಮುಖ ಹಿಗ್ಗಿ ಇಷ್ಟಗಲವಾಗಿತ್ತು. ಕೋಲು ಮುರಿದಿಲ್ಲ, ಫ್ಯಾನು ಸುತ್ತುತ್ತಿದೆ, ಮೇಷ್ಟ್ರ ಕಡೆಯವರಿಗೆ ಕಪ್ಪು ಸಿಕ್ಕಿದೆ, ಗುಡುಗಿನ ಕಡೆಯವರಿಗೆ ನ್ಯಾಯ ಸಿಕ್ಕಿದೆ. ಅಲ್ಲೇ ನಿಂತು ಸಾರಿಬಿಟ್ಟರು, ಸೋಮವಾರದಿಂದ ಹತ್ತಕ್ಕೆ ಹೆಂಗಸರ ಆಟ ಎಂದು. ಬೆಂಚಿನ ಮೇಲಿದ್ದ ಆರೂ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು.  ಸೋಮವಾರಕ್ಕೆ ಎರಡೇ ದಿನ. ಯಾವ ಕೋಲು ಹಿಡಿಯುವುದೆಂದು ಇಸ್ತ್ರಿಯಕ್ಕನ ಕಣ್ಣು ಗೋಡೆಯ ಕಡೆಗೆ ಹೋಯಿತು.

ಆಗ ಮೇಷ್ಟ್ರು ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು ಎರಡು ಮಾತಾಡಲು ಅಪ್ಪಣೆ ಕೇಳಿದರು. ಇಂಥ ರೆಫರಿಯನ್ನು ತಮ್ಮ ಆಯುಷ್ಯದಲ್ಲಿ ಕಂಡಿಲ್ಲ, ಅಂಚೆಯವರ ಸೊಂಟ ಇನ್ನು ನೆಟ್ಟಗಾಗುವ ಭರವಸೆಯಿಲ್ಲ, ಆದ್ದರಿಂದ ಈ ತಂಗಿಯನ್ನೇ ಕ್ಲಬ್ಬಿನ ಕಾಯಂ ರೆಫರಿ ಮಾಡಬೇಕು ಎಂದರು. ಗುಡುಗು ಗೋಡೆ ನಡುಗುವಂತೆ ಅನುಮೋದಿಸಿದ. ಎಲ್ಲರೂ ಕೋಲಿನ ಬುಡವನ್ನು ನೆಲಕ್ಕೆ ತಟ್ಟಿದರು. ಹನ್ನೊಂದು ವರ್ಷದಲ್ಲಿ ಆ ಸದ್ದು ತನಗಾಗಿ ಆದದ್ದು ಅದೇ ಮೊದಲು. ಕೈಗವಸಿನ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವಳು ತಲೆಯಾಡಿಸಿದಳು.

"ಒಪ್ಪಿಕೊಂಡಳು," ಎಂದರು ಭಾವ. "ಹೆಂಗಸರ ಆಟಕ್ಕೂ ನೀನೇ ರೆಫರಿ ಕಣಮ್ಮ. ಮತ್ತೆ ಒಂದು ವಿಷಯ, ರೆಫರಿ ಆದವರು ಇಲ್ಲಿನ ಮೇಜಿನ ಮೇಲೆ ಆಡೋ ಹಾಗಿಲ್ಲ. ಯಾರ ಮೇಲೂ ಹಗೆ ಇರಬಾರದು, ಒಲವೂ ಇರಬಾರದು ಅಂತ. ಅಂಚೆಯವರು ಇಪ್ಪತ್ತು ವರ್ಷ ಕೋಲು ಮುಟ್ಟಲಿಲ್ಲ. ನಿನಗದೇನು ಕಷ್ಟ ಬಿಡು, ನೀನೆಲ್ಲಿ ಆಡ್ತೀಯ."

ಇಸ್ತ್ರಿಯಕ್ಕ ಬೆಂಚಿನ ಕಡೆ ನೋಡಿದಳು. ಯಾರಾದರೂ ಒಬ್ಬರು ಏನಾದರೂ ಹೇಳಬಹುದು.

"ಒಳ್ಳೇದೇ ಆಯ್ತು," ಎಂದಳು ವಾರಗಿತ್ತಿ. "ಏಳು ಜನಕ್ಕೆ ಜೋಡಿ ಸರಿಬರ್ತಿರಲಿಲ್ಲ. ಈಗ ಆರೇ ಆಯ್ತು."

ಐದು ಗಂಟೆಯ ಹೊತ್ತಿಗೆ ಕ್ಲಬ್ಬು ಖಾಲಿಯಾಯಿತು. ಇಸ್ತ್ರಿಯಕ್ಕ ಬ್ರಶ್ಶು ಹಿಡಿದು ದೊಡ್ಡ ಮೇಜಿನ ಬಟ್ಟೆ ಸರಿಮಾಡುತ್ತಿದ್ದಳು. ಬಾಗಿಲು ಹಾಕಿಕೊಂಡರೆ ಈಗಲೂ ಒಂದು ಆಟ ಆಡಬಹುದಿತ್ತು. ಕೋಲನ್ನು ಕೈಗೆತ್ತಿಕೊಂಡೂ ನೋಡಿದಳು. ಇಷ್ಟು ದಿನ ಅದು ಬರೀ ಕದ್ದ ಆಟವಾಗಿತ್ತು. ಈಗ ಆಡಿದರೆ ಫೌಲ್, ಅದನ್ನು ಕಂಡ ರೆಫರಿ ತಾನೇ, ಕಂಡ ಮೇಲೆ ಬಾಯಿ ಸುಮ್ಮನಿರುವುದಿಲ್ಲ. ಕೋಲು ಗೋಡೆಗೆ ಹೋಯಿತು.

ರೆಫರಿಯ ಕೆಲಸದಿಂದ ತಾನಾಗಿ ಬಿಡುಗಡೆ ಕೇಳಿದರೆ, ಸಂಕೋಚ ಅಂದುಕೊಂಡು ಇನ್ನಷ್ಟು ಚಪ್ಪಾಳೆ ತಟ್ಟುವ ಜನ ಇವರು. ತೆಗೆದುಹಾಕಿದರೆ ಮಾತ್ರ ಬಿಡುಗಡೆ. ತೆಗೆದುಹಾಕಬೇಕಾದರೆ ಪಕ್ಷಪಾತ ಮಾಡಬೇಕು. ಯಾರ ಪರ? ನರ್ಸಿನ ಪರ ಮಾಡಿದರೆ ಕಣ್ಣು ತಪ್ಪಿತು ಎನ್ನುತ್ತಾರೆ. ಟೀಚರ ಪರ ಮಾಡಿದರೆ ದಾಕ್ಷಿಣ್ಯ ಎನ್ನುತ್ತಾರೆ. ಬ್ರಶ್ಶು ಮೇಜಿನ ನಡುವೆ ನಿಂತಿತು. ಪರವೇ ಯಾಕೆ ಆಗಬೇಕು? ವಾರಗಿತ್ತಿಯ ವಿರುದ್ಧ ಒಂದು ಸುಳ್ಳು ಫೌಲ್ ಕೊಟ್ಟರೆ ನಂಬದವರು ಈ ಬೀದಿಯಲ್ಲಿ ಒಬ್ಬರೂ ಇರಲಾರರು. ಮೂರು ಕೊಟ್ಟರೆ ದೂರು ಮಧ್ಯಾಹ್ನದ ಊಟಕ್ಕೆ ಮೊದಲೇ ಭಾವನ ತಟ್ಟೆಯ ಪಕ್ಕ ಬಂದು ಕೂರುತ್ತದೆ.

ಲೈಟು ಆರಿಸಲು ಬಂದ ಭಾವ ಬಾಗಿಲಲ್ಲಿ ನಿಂತರು.

"ಏನಮ್ಮ, ಒಬ್ಬಳೇ ನಗ್ತಾ ಇದೀಯ?"

"ಏನಿಲ್ಲ ಭಾವ. ಬಟ್ಟೆ ಸರಿಹೋಯ್ತು."

ಅವಳು ಬ್ರಶ್ಶನ್ನು ಮೇಜಿನ ಆ ತುದಿಯವರೆಗೆ ಒಂದೇ ಓಟದಲ್ಲಿ ಎಳೆದಳು. ಮೂರು ಸಾಕು.