ಅಪ್ಪನ ಫೋಟೊ ಅಣ್ಣನನ್ನು ಕರೆದದ್ದು

ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನಾದರೂ, ಗುಂಡಿ ಇರುವ ಯಾವ ಯಂತ್ರವೂ ನನ್ನ ಮಾತು ಮೀರುವುದಿಲ್ಲ ಎಂಬ ಭರವಸೆ ನನಗಿತ್ತು. ಆ ಭರವಸೆಗೆ ಬಲಿಯಾದವನು ನನ್ನ ಅಣ್ಣ.

ಅಣ್ಣ ಮಲ್ಲಪ್ಪ ಶಹಾಬಾದಿನ ಹೊರಗೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ವಾಕಿಟಾಕಿ ಹಿಡಿದು ಹಂಗಾಮಿಯಾಗಿ ದುಡಿಯುತ್ತಿದ್ದ. ಕಲ್ಲು ಕೊಯ್ಯುವ ಗದ್ದಲದಲ್ಲಿ ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಪಾಪ ಅನ್ನಿಸಿ, ಕಿವಿಗೆ ಸಿಕ್ಕಿಸುವ ಬ್ಲೂಟೂತ್ ಒಂದನ್ನೂ, ವಾಕಿಟಾಕಿಗೆ ಚುಚ್ಚುವ ಅದರ ಸಣ್ಣ ಡಬ್ಬಿಯನ್ನೂ ಗುಲಬರ್ಗಾದಿಂದ ತಂದೆ.

"ವಾಕಿಟಾಕಿ ಸೆಟ್ ಮುಟ್ಟಬ್ಯಾಡ, ಕಂಪನೀದು" ಎಂದು ಅಣ್ಣ ಮೊದಲೇ ಹೇಳಿದ್ದ. ಅವನು ಸ್ನಾನಕ್ಕೆ ಹೋದಾಗ ಮುಟ್ಟಿದೆ. ಡಬ್ಬಿ ಚುಚ್ಚಿ ಗುಂಡಿ ಒತ್ತಿದೆ. ನೀಲಿ ದೀಪ ಮಿನುಗಿತು. ಜೋಡಣೆ ಯಶಸ್ವಿ!

ಅಂದೇ ಮಾಲಕರು ಗಣಿಗೆ ಬಂದು, ಅಣ್ಣ ಮತ್ತು ಅವನ ಜೊತೆಗಾರ ಇಬ್ಬರಲ್ಲಿ ಒಬ್ಬನನ್ನು ಕಾಯಂ ಮಾಡುವವರಿದ್ದರು. ಬುಲಾವು ವಾಕಿಟಾಕಿಯಲ್ಲೇ ಬರಬೇಕು; ಅಲ್ಲಿಯವರೆಗೆ ಅಣ್ಣ ಮನೆಯಲ್ಲೇ ಕಾಯಬೇಕು.

ನಮ್ಮ ಮನೆಗೆ ಬಂದ ಹೊಸ ವಸ್ತುವನ್ನು ಮೊದಲು ತೀರಿಹೋದ ಅಪ್ಪನ ಫೋಟೊದ ಹತ್ತಿರ ಇಟ್ಟು ವಿಭೂತಿ ಹಚ್ಚುವುದು ಪದ್ಧತಿ. ಅಣ್ಣನಿಗೆ ಆಮೇಲೆ ತೋರಿಸೋಣವೆಂದು ಬ್ಲೂಟೂತನ್ನು ಫೋಟೊದ ಹಿಂದೆ ವಿಭೂತಿಯ ಹಿತ್ತಾಳೆ ಬಟ್ಟಲಲ್ಲಿಟ್ಟೆ. ಸೆಟ್ಟಿನ ಮೇಲೆ ಟವೆಲ್ ಹಾಕಿದೆ. ಡಬ್ಬಿ ಚುಚ್ಚಿದರೆ ಸೆಟ್ಟಿನ ಬಾಯಿ ಕಟ್ಟುತ್ತದೆಂದು ಯಾರಿಗೆ ಗೊತ್ತು?

ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನ್ ನಿಂತು ಮನೆ ಗಪ್ಪಾಯಿತು. ಆಗ ಫೋಟೊ ಕೆಮ್ಮಿತು. ಅಪ್ಪನದೇ ಬೀಡಿ ಕೆಮ್ಮು!

"ಮಲ್ಲ್ಯಾ… ಎಲ್ಲಿದ್ದಿ?"

ಬಾವಿಯ ತಳದಿಂದ ಬಂದಂಥ ದನಿ. ಅವ್ವನ ಕೈಯಿಂದ ರೊಟ್ಟಿ ಜಾರಿತು.

"ಜಲ್ದಿ ಬಾ. ಎಲ್ಲಾರೂ ನಿನ್ನ ದಾರಿ ಕಾಯಾಕತ್ತೀವಿ."

ಫೋಟೊದ ಸುತ್ತ ನೀಲಿ ಬೆಳಕು ಬಂದು ಹೋಯಿತು. ನಾನೂ ಅಣ್ಣನ ಹಿಂದೆ ಸರಿದೆ. ಅವ್ವ ಓಡಿಹೋಗಿ ಬಾಗಿಲ ಚಿಲಕ ಹಾಕಿ ಅಡ್ಡ ಕುಳಿತಳು.

"ಹೊರಗ ಕಾಲಿಟ್ಟಿಯೋ, ಒಯ್ದೇ ಬಿಡ್ತಾನ ನಿಮ್ಮಪ್ಪ!"

ಅಣ್ಣ ಫೋಟೊಕ್ಕೆ ಕೈಮುಗಿದ. "ಎಪ್ಪಾ, ನಂದಿನ್ನಾ ಮದುವಿ ಆಗಿಲ್ಲೋ!"

ಫೋಟೊ ಕರಗಲಿಲ್ಲ. "ಈಗ ಬರಲಿಲ್ಲಂದ್ರ ನಿನ್ನ ಜಾಗಕ್ಕ ಇನ್ನೊಬ್ಬನ್ನ ಕರೀತೀನಿ ನೋಡು."

ಅವ್ವ ಮೆಲ್ಲಗೆ ನನ್ನ ಕಡೆ ನೋಡಿದಳು.

ಅಷ್ಟರಲ್ಲಿ ನೀಲಿ ದೀಪದ ಗುಟ್ಟು ನನಗೆ ಹೊಳೆದಿತ್ತು. ಸೆಟ್ಟಿಗೆ ಬಂದ ಮಾತು ಬಟ್ಟಲಲ್ಲಿದ್ದ ಬ್ಲೂಟೂತಿನಿಂದ ಹೊರಡುತ್ತಿತ್ತು; ಅದು ಗಣಿಯ ಸೂಪರ್‌ವೈಸರ್ ದನಿ. ಅವರೂ ಬೀಡಿಯ ಭಕ್ತರು. ಬಾಯಿ ತೆರೆದೆ. ಅಣ್ಣನ ಮುಷ್ಟಿ ನೆನಪಾಯಿತು. ಮುಚ್ಚಿದೆ. ಊದುಬತ್ತಿ ಹಚ್ಚುವ ನೆಪದಲ್ಲಿ ಎದ್ದು ಟವೆಲ್ಲಿನಡಿಯ ಡಬ್ಬಿ ಕಿತ್ತು ಜೇಬಿಗೆ ಹಾಕಿಕೊಂಡೆ.

ಸಂಜೆ ಸೂಪರ್‌ವೈಸರ್ ಮನೆಗೇ ಬಂದರು. "ಮೂರು ಸಲ ಕರದ್ರೂ ಜವಾಬಿಲ್ಲೇನು?"

"ಸೆಟ್ ಮಾತಾಡೇ ಇಲ್ರೀ ಸಾಹೇಬ್ರ. ನಮ್ಮಪ್ಪ ಮಾತಾಡಿದ" ಎಂದ ಅಣ್ಣ.

ಅವರು ಸೆಟ್ ಒತ್ತಿ ನೋಡಿದರು. ಗಿಣಿಯಂತೆ ಮಾತಾಡಿತು! ಅಣ್ಣ ಸುಳ್ಳನಾದ. ಕೆಲಸ ಇನ್ನೊಬ್ಬನಿಗೆ ಕಾಯಂ ಆಯಿತು.

ಈಗ ಅಣ್ಣ ಅದೇ ಗಣಿಯಲ್ಲಿ ಲಾರಿಗೆ ಕಲ್ಲು ಏರಿಸುತ್ತಾನೆ. ನೋಯುವ ನಡು ಹಿಡಿದು ಕುಳಿತಾಗಲೂ "ಅಪ್ಪ ಅವತ್ತು ನನ್ನ ಒಯ್ಯದ ಬಿಟ್ಟುಬಿಟ್ಟ" ಎಂದು ಫೋಟೊಕ್ಕೆ ನಮಸ್ಕರಿಸುತ್ತಾನೆ. ನಾನು ಗೋಡೆ ನೋಡುತ್ತೇನೆ.

ಅವ್ವ ಒಮ್ಮೆ ಕೇಳಿದಳು: "ಇನ್ನೊಬ್ಬನ್ನ ಕರೀತೀನಿ ಅಂದಿದ್ದ. ನಿನ್ನ ಯಾಕ ಕರೀಲಿಲ್ಲೋ?"

"ನನ್ನ ತೊಗೊಂಡು ಏನ್ ಮಾಡ್ತಾನಬೇ?"

ಈ ವಿಷಯದಲ್ಲಿ ನಮ್ಮ ಮನೆಯೊಳಗೆ ನಾನು ಆಡಿದ ನಿಜ ಅದೊಂದೇ!