ಹಪ್ಪಳದ ಟೆಂಡರು

"ನೀನು ಹಪ್ಪಳ ಒತ್ತೋದಷ್ಟೇ ನೋಡ್ಕೊ. ಅದನ್ನ ಬೆಳಗಾವಿಗೆ ಮುಟ್ಟಿಸೋ ಜವಾಬ್ದಾರಿ ಈ ಜಯಪ್ರಕಾಶಂದು!"

ಸೋಮವಾರ ಬೆಳಿಗ್ಗೆ, ಮಳವಳ್ಳಿಯ ತಮ್ಮ ಮನೆಯ ನಡುಮನೆಯಲ್ಲಿ ನಿಂತು ಜಯಪ್ರಕಾಶ್ ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಅವರ ಒಂದು ಕೈಯಲ್ಲಿ ಕಾಫಿ ಲೋಟವಿತ್ತು, ಇನ್ನೊಂದು ಕೈ ಎದೆಯ ಮೇಲಿತ್ತು. ಹೆಂಡತಿ ನಯನ ಆ ಎರಡನೆಯ ಕೈಯನ್ನೇ ನೋಡಿ, "ಯಾಕ್ರೀ, ಎದೆ ಉರೀತಾ ಅದಾ? ಜೀರಿಗೆ ಕಷಾಯ ಮಾಡ್ಲಾ?" ಎಂದಳು.

ಮಹಾಪುರುಷರ ಪ್ರತಿಜ್ಞೆಗಳಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ!

ಆದರೆ ವಿಷಯ ಗಂಭೀರವಾಗಿತ್ತು. ಎಂಟು ತಿಂಗಳಿಂದ ನಯನ ಆನ್‌ಲೈನಿನಲ್ಲಿ ಒಂದು ಪುಟ್ಟ ಅಂಗಡಿ ತೆರೆದು ರಾಗಿ ಹಪ್ಪಳ ಮಾರುತ್ತಿದ್ದಳು. ಹಿಟ್ಟಿನ ಹದ ಅತ್ತೆ ಚಲುವಮ್ಮನದು, ಫೋಟೊ, ಲೆಕ್ಕ, ಮಾತುಕತೆ ಸೊಸೆಯದು. ಅತ್ತೆಗೆ ಗೌರವ ಸಲ್ಲಲೆಂದು ಅಂಗಡಿಯನ್ನು ನೋಂದಾಯಿಸಿದ್ದೂ ಚಲುವಮ್ಮನ ಹೆಸರಿನಲ್ಲೇ, ಕೊಟ್ಟಿದ್ದೂ ಅವರ ಫೋನ್ ನಂಬರೇ. ಎಲ್ಲ ಚೆನ್ನಾಗೇ ಇತ್ತು. ಕಳೆದ ತಿಂಗಳು ದಾವಣಗೆರೆಗೆ ಹೋದ ಪಾರ್ಸೆಲ್ಲೊಂದು ಯಾವ ಲಾರಿಯಲ್ಲಿ ಯಾವ ಮೂಟೆಯ ಕೆಳಗೆ ಸಿಕ್ಕಿತೋ, ಗಿರಾಕಿ ಒಂದೇ ಒಂದು ನಕ್ಷತ್ರ ಕೊಟ್ಟು ಬರೆದರು: "ಹಪ್ಪಳ ಕೇಳಿದ್ದೆ, ಹಿಟ್ಟು ಬಂತು. ಅಂಬಲಿ ಮಾಡಿಕೊಂಡು ಕುಡಿದೆವು." ಬೆನ್ನಿಗೇ ಆ ಆನ್‌ಲೈನ್ ಸಂತೆಯ ಯಜಮಾನರಿಂದ ನೋಟಿಸು: ಇನ್ನೊಂದು ದೂರು ಬಂದರೆ ಅಂಗಡಿ ಬಂದ್!

ಅಂಥ ಹೊತ್ತಿನಲ್ಲಿ ಬೆಳಗಾವಿಯ ಮೇಡಂ ಒಬ್ಬರು ಮುನ್ನೂರು ಹಪ್ಪಳ ಕೇಳಿದ್ದರು. ಶನಿವಾರ ಅವರ ಗೃಹಪ್ರವೇಶ. ಹಪ್ಪಳ ಇಡಿಯಾಗಿ, ಊಟದ ಹೊತ್ತಿಗೆ ಬಂದರೆ, ತಮ್ಮ ಮಹಿಳಾ ಸಂಘದ ಮಳಿಗೆಗೆ ತಿಂಗಳು ತಿಂಗಳೂ ತರಿಸಿಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಬರದಿದ್ದರೆ? ಎಂಟು ತಿಂಗಳ ಅಂಗಡಿಗೆ ಬೀಗ.

"ಬಸ್‌ಸ್ಟ್ಯಾಂಡ್ ಹತ್ರ ಮೂರು ಪಾರ್ಸೆಲ್ ಆಫೀಸವೆ. ಯಾವುದಾದ್ರೂ ಒಂದಕ್ಕೆ ಇವತ್ತೇ ಹಾಕ್ಬುಟ್ಟು ಬನ್ನಿ," ಎಂದಳು ನಯನ.

"ಯಾವುದಾದ್ರೂ ಒಂದಾ!" ಜಯಪ್ರಕಾಶ್ ಕಿವಿ ಮುಚ್ಚಿಕೊಂಡರು. ಸರ್ಕಾರಿ ಕಚೇರಿಯೊಂದರ ಟೆಂಡರ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿದ ಗುಮಾಸ್ತರು ಅವರು. ಅವರ ಮೇಜು ದಾಟದೆ ತಾಲ್ಲೂಕಿನಲ್ಲಿ ಒಂದು ಮೋರಿ ಕೂಡ ಮಲಗಿದ್ದಿಲ್ಲ. "ಕಾಲುವೆಗೆ ಗುತ್ತಿಗೆದಾರನ್ನ ಆರಿಸಿದ ಕೈ ಕಣೆ ಇದು. ಹಪ್ಪಳಕ್ಕೆ ಆರಿಸಕ್ಕಾಗಲ್ವಾ?"

"ಆ ಕಾಲುವೇಲಿ ನೀರು ಬಂದದಾ?"

"ಅದು ಬೇರೆ ವಿಭಾಗ!"

ಅಂದೇ ಮೂರು ಪಾರ್ಸೆಲ್ ಕಂಪನಿಗಳ ಏಜೆಂಟರು ಜಗಲಿಯ ಮೇಲೆ ಸಾಲಾಗಿ ಕೂತರು. ಗಾಳಿಗುದುರೆ ಕೊರಿಯರ್, ಹತ್ತೂರು ಲಾಜಿಸ್ಟಿಕ್ಸ್, ಮೂರುಲೋಕ ಪಾರ್ಸೆಲ್. ಹೆಸರು ಕೇಳಿದರೆ ಹಪ್ಪಳವೇನು, ಹಿಮಾಲಯವನ್ನೇ ಹೊತ್ತೊಯ್ಯುವಂಥವು!

"ಮೊದಲನೇದು, ತಾಂತ್ರಿಕ ಪರೀಕ್ಷೆ," ಎಂದು ಘೋಷಿಸಿದರು ಜಯಪ್ರಕಾಶ್. ಹತ್ತತ್ತು ಹಪ್ಪಳದ ಮೂರು ಡಬ್ಬ ಮಾಡಿ, ಮಂಡ್ಯದಲ್ಲಿರುವ ಅಕ್ಕನ ಗಂಡ ಕೆಂಪಸಿದ್ದಯ್ಯನವರಿಗೆ ಮೂರು ಕಂಪನಿಯಿಂದಲೂ ಕಳಿಸಿದ್ದಾಯಿತು. ಯಾವ ಡಬ್ಬದಲ್ಲಿ ಎಷ್ಟು ಮುರಿದಿವೆ ಎಂದು ಎಣಿಸಿ ಹೇಳಬೇಕೆಂದು ಚೀಟಿ ಕೂಡ ಇಟ್ಟಿದ್ದರು. ಮಂಗಳವಾರ ಇಡೀ ಅದರ ವರದಿಗೆ ಕಾದರು. ಸಂಜೆ ತಾವೇ ಫೋನ್ ಮಾಡಿದರು.

"ಭಾವ, ಪಾರ್ಸೆಲ್ ಬಂದ್ವಾ?"

"ಮೂರೂ ಬಂದ್ವು ಕಣಯ್ಯ! ಬಲೇ ಚೆನ್ನಾಗವೆ!"

"ಮುರಿದವು ಎಷ್ಟು?"

"ಎಲ್ಲಾವೂ."

"ಮೂರು ಡಬ್ಬದಲ್ಲೂನಾ?"

"ಇನ್ನೇನು, ಇಡಿಯಾಗಿ ನುಂಗಕಾದದಾ? ಕರ್ಕೊಂಡು, ಉಪ್ಸಾರಿಗೆ ನಂಚ್ಕೊಂಡು, ಮುರ್ಕೊಂಡೇ ತಿಂದೊ."

"ಚೀಟಿ ಇಟ್ಟಿದ್ನಲ್ಲ ಭಾವ, ಎಣಿಸಿ ಅಂತ!"

"ಅಲ್ಲಯ್ಯ, ಅತ್ತೆ ಮನೆಯಿಂದ ತಿಂಡಿ ಬಂದ್ರೆ ಯಾರಾದ್ರೂ ಎಣಿಸ್ಕೊಂಡು ಕೂತ್ಕತಾರಾ? ನಮ್ಮನ್ನೇನ್ ಅಂದ್ಕೊಂಡಿದ್ದೀಯ ನೀನು?"

ತಾಂತ್ರಿಕ ಪರೀಕ್ಷೆ ಹೀಗೆ ಭಾವನ ಹೊಟ್ಟೆ ಸೇರಿತು. ಉಳಿದದ್ದು ಮುಚ್ಚಿದ ಲಕೋಟೆ. ಬುಧವಾರ ಬೆಳಿಗ್ಗೆ ಮೂವರೂ ದರಪಟ್ಟಿಯನ್ನು ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಹಾಕಿ ತರಬೇಕೆಂದು ಅಪ್ಪಣೆಯಾಯಿತು.

"ಸಾ, ವಾಟ್ಸಾಪಲ್ಲಿ ಹಾಕುದ್ರೆ ಸಾಲ್ದಾ?" ಎಂದು ಕೇಳಿದ ಗಾಳಿಗುದುರೆಯವನು ಅಪಾತ್ರನೆಂದು ಅಲ್ಲೇ ವಜಾ ಆದ. "ಅರಗು ತತ್ತೀನಿ ಇರಿ ಸಾ" ಎಂದು ಬೈಕು ಹತ್ತಿದ ಹತ್ತೂರಿನವನು ಈ ಕ್ಷಣದವರೆಗೂ ಅರಗು ಹುಡುಕುತ್ತಲೇ ಇದ್ದಾನೆ. ಕೊನೆಗೆ ಉಳಿದವನು ಮೂರುಲೋಕದವನು ಒಬ್ಬನೇ. ಅವನೂ ಉಳಿದದ್ದು ಬೈಕು ಪಂಕ್ಚರ್ ಆಗಿದ್ದರಿಂದ.

"ಮೂರು ದಿನ ಒದ್ದಾಡಿ, ಇರೋ ಒಬ್ಬನ್ನ ಆರಿಸಿದ್ರಾ?" ನಯನ ಗೋಡೆಯ ಕ್ಯಾಲೆಂಡರ್ ಕಡೆ ಬೆರಳು ತೋರಿಸಿದಳು. ಶನಿವಾರಕ್ಕೆ ಇನ್ನು ಮೂರೇ ದಿನ.

"ಒಬ್ಬನ್ನೇ ಆರಿಸಿದ್ರೂ ನಿಯಮದ ಪ್ರಕಾರ ಆರಿಸಿದೀನಿ!"

ಮಧ್ಯಾಹ್ನ ಮುನ್ನೂರು ಹಪ್ಪಳ ದೊಡ್ಡ ಪೆಟ್ಟಿಗೆ ಸೇರಿದವು. ಹೊಸಮನೆಗೆ ಬರಿ ಹಪ್ಪಳ ಕಳಿಸಿದರೆ ಚೆನ್ನಾಗಿರಲ್ಲವೆಂದು ಚಲುವಮ್ಮ ಹತ್ತು ಕಜ್ಜಾಯವನ್ನೂ ಕಟ್ಟಿಕೊಟ್ಟರು. ಕಜ್ಜಾಯದ ಗಂಟನ್ನು ತಾವೇ ಕೈಯಾರೆ ಹಪ್ಪಳದ ನಡುವೆ ಇಟ್ಟು, "ಊಂ, ಈಗ ಮುಚ್ಚು ಕಣ್ಲಾ" ಎಂದರು. ಜಯಪ್ರಕಾಶ್ ಮುಚ್ಚಿ, ಟೇಪು ಸುತ್ತಿ, 'ಒಳಗೆ ಹಪ್ಪಳ ಹಾಗೂ ಕಜ್ಜಾಯ ಹೊರತು ಬೇರೇನೂ ಇರುವುದಿಲ್ಲ' ಎಂದು ಫಾರಂನಲ್ಲಿ ದಪ್ಪಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದರು. ಪಂಕ್ಚರ್ ತಿದ್ದಿಸಿಕೊಂಡ ಬೈಕು ಹೊರಟಿತು.

ಗುರುವಾರ ಹನ್ನೆರಡು ಗಂಟೆಗೆ ನಯನಳ ಫೋನಿನಲ್ಲಿ ಕೆಂಪಕ್ಷರ ಮೂಡಿತು: ತಡೆಹಿಡಿಯಲಾಗಿದೆ.

ಮೂರುಲೋಕದ ಗೋಡೌನಿರುವುದು ಹೆದ್ದಾರಿ ಪಕ್ಕದ ಸೋಮನಹಳ್ಳಿಯಲ್ಲಿ. ಫೋನು ಎತ್ತಿದವನು ಹೇಳಿದ್ದು ಎರಡೇ ಮಾತು: "ಒಳಗೆ ಆಯುಧ ಅದೆ. ಬಂದು ಉತ್ತರ ಕೊಡಿ."

"ಆಯುಧವಾ!" ನಯನ ಊಟಕ್ಕೆ ಬಂದಿದ್ದ ಗಂಡನ ಮುಖ ನೋಡಿದಳು. ಜಯಪ್ರಕಾಶ್ ತಮ್ಮ ಸಹಿಯನ್ನು ನೆನೆದು ಬೆವೆತರು. ಅರ್ಧ ದಿನ ರಜೆ ಬರೆದು, ಮದ್ದೂರು ಬಸ್ಸು ಹತ್ತಿದರು. ಕೆ.ಎಂ.ದೊಡ್ಡಿಯಲ್ಲಿ ಬಸ್ಸು ಕಬ್ಬಿನ ಲಾರಿಗಳ ಹಿಂದೆ ಇಪ್ಪತ್ತು ನಿಮಿಷ ನಿಂತಿತು. ಆ ಇಪ್ಪತ್ತು ನಿಮಿಷದಲ್ಲಿ ಅವರು ಮನಸ್ಸಿನಲ್ಲೇ ಬಂಧನಕ್ಕೊಳಗಾಗಿ, ಅಮಾನತುಗೊಂಡು, ಪಿಂಚಣಿ ಕಳೆದುಕೊಂಡಿದ್ದರು! ಮದ್ದೂರಿನಲ್ಲಿ ಇಳಿದು ಆಟೋ ಹಿಡಿದು ಗೋಡೌನ್ ಮುಟ್ಟಿದಾಗ ಮೂರು ಹೊಡೆದಿತ್ತು.

ಮೇಲ್ವಿಚಾರಕ ರಾಜೇಂದ್ರ ಮೂವತ್ತರ ಆಸುಪಾಸಿನವನು, ಮಾತು ಮೆತ್ತಗೆ. ಎಕ್ಸರೇ ಪರದೆಯನ್ನು ಇವರ ಕಡೆ ತಿರುಗಿಸಿದ. ಗುಂಡಗೆ ಸಾಲುಸಾಲು ಹುಣ್ಣಿಮೆ ಚಂದ್ರರು. ನಡುವೆ, ಕಪ್ಪಗೆ, ಚೂಪಾಗಿ, ಒಂದು ಬಿದಿಗೆ ಚಂದ್ರ.

"ಇದೇನ್ ಸಾರ್?"

"ಹ...ಹಪ್ಪಳ."

"ಇಷ್ಟು ಹರಿತವಾಗಾ?"

ಜಯಪ್ರಕಾಶರಿಗೆ ಥಟ್ಟನೆ ಅವ್ವ ಕೈಯಾರೆ ಇಟ್ಟ ಕಜ್ಜಾಯದ ಗಂಟು ಕಣ್ಮುಂದೆ ಬಂತು. ಫೋನ್ ಮಾಡಿದರು.

"ಅವ್ವಾ, ಕಜ್ಜಾಯದ ಜತೆ ಏನಿಕ್ಕಿದ್ದೀಯ?"

"ಇನ್ನೇನಿಕ್ಲಿ? ಕುಡ್ಲು ಮುರುಕು, ಒಂದು ಚೂರು ಇಜ್ಲು, ಒಣಮೆಣಸಿನಕಾಯಿ. ಕರ್ದ ತಿಂಡಿ ಊರು ದಾಟ್ತಾ ಅದೆ, ಗಾಳಿಗೀಳಿ ಹಿಂದೆ ಬಂದಾತು ಅಂತ."

ಶತಮಾನಗಳ ಸಂಪ್ರದಾಯ! ದೆವ್ವದ ಗಾಳಿ ಸೋಕದಂತೆ ಕುಡುಗೋಲಿನಂಥ ಕಬ್ಬಿಣ, ಇದ್ದಿಲು ಇಡದೆ ಕರಿದ ತಿಂಡಿಯನ್ನು ಊರಾಚೆ ಕಳಿಸಿದವರುಂಟೆ? ಆದರೆ ಆ ಸಂಪ್ರದಾಯ ಕಟ್ಟಿದವರು ಯಾರೂ ಎಕ್ಸರೇ ಯಂತ್ರವನ್ನು ಕಂಡಿರಲಿಲ್ಲ.

"ಹಂಗೇ ಕಳಿಸಿಬಿಡಿ. ನಾನೂ ಸರ್ಕಾರಿ ನೌಕರ," ಎಂದರು ಜಯಪ್ರಕಾಶ್, ಗತ್ತು ಕೂಡಿಸಿಕೊಂಡು.

"ಹಂಗೇ ಕಳಿಸ್ಬೇಕಾದ್ರೆ ಅರ್ಜಿ ಕೊಡಿ ಸಾರ್. ಮೂರು ಪ್ರತಿ. ಸಾಹೇಬ್ರು ಸಹಿ ಹಾಕ್ಬೇಕು."

"ಎಲ್ಲವ್ರೆ ಸಾಹೇಬ್ರು?"

"ಮೀಟಿಂಗಲ್ಲವ್ರೆ. ನಾಳೆ ಬನ್ನಿ."

ಇಪ್ಪತ್ತಾರು ವರ್ಷ ಇದೇ 'ನಾಳೆ ಬನ್ನಿ'ಯನ್ನು ಸಾವಿರಾರು ಜನಕ್ಕೆ ದಾನ ಮಾಡಿದವರು ಜಯಪ್ರಕಾಶ್. ತಮ್ಮ ಕಿವಿಯ ಮೇಲೆ ಅದು ಬಿದ್ದದ್ದು ಇದೇ ಮೊದಲು. ಎಷ್ಟು ಭಾರ ಇದೆ ಅದಕ್ಕೆ!

"ನಾಳೆ ಅಂದ್ರೆ ಶನಿವಾರಕ್ಕೆ ಮುಟ್ತದಾ?"

"ಇಲ್ಲ ಸಾರ್. ಆ ಕಡೆ ಲಾರಿ ಇವತ್ತು ನಾಕು ಗಂಟೆಗೆ. ಅದು ತಪ್ಪಿದ್ರೆ ಮುಂದಿನ ಲಾರಿ ಹೊರಡೋದು ಶನಿವಾರವೇ."

ಗಡಿಯಾರ ಮೂರೂವರೆ ತೋರಿಸುತ್ತಿತ್ತು.

"ಕಬ್ಬಿಣ ತೆಗೆದುಬಿಟ್ರೆ?"

"ತಕ್ಷಣ ಕಳಿಸ್ತೀವಿ. ಪೆಟ್ಟಿಗೆ ಬಿಚ್ಚಕ್ಕೆ ಕಳಿಸಿದೋರ ಒಪ್ಪಿಗೆ ಬೇಕು, ಅವರ ಫೋನಿಗೆ ನಾಕು ನಂಬರು ಬತ್ತದೆ, ಅದನ್ನ ಹೇಳಿದ್ರೆ ಆಯ್ತು. ಕಳಿಸಿದೋರು... ಚಲುವಮ್ಮ."

ಮಳವಳ್ಳಿಯಲ್ಲಿ ಚಲುವಮ್ಮನ ಫೋನು ಟಿಣ್ ಎಂದಿತು.

"ಅವ್ವ, ಬಂದಿರೋ ನಂಬರು ಹೇಳು, ಬೇಗ. ಕುಡ್ಲು ತೆಗೀಬೇಕು."

"ಕುಡ್ಲು ತೆಗೆಯಂಗಿದ್ರೆ ನಂಬ್ರ ಹೇಳಕಿಲ್ಲ."

"ಅವ್ವಾ!"

"ಗಾಳಿ ಹೊಸಮನೆ ಒಳಕ್ಕೆ ಒಂಟೋದ್ರೆ ಯಾರ್ಲಾ ಜವಾಬ್ದಾರಿ? ನಾಳೆ ಆ ತಾಯಿ ನನ್ನ ಶಪಿಸಲ್ವಾ? ಕುಡ್ಲು ತೆಗೆದ್ರೆ ನಾಳೆಯಿಂದ ನಾನು ಹಿಟ್ಟೂ ಮುಟ್ಟಕಿಲ್ಲ, ನೋಡ್ಕೊ!"

ಹಿಂದಿನಿಂದ ನಯನಳ ದನಿ: "ಅತ್ತೆ, ಫೋನ್ ಇತ್ತ ಕೊಡಿ ಅತ್ತೆ, ನಿಮ್ಮ ದಮ್ಮಯ್ಯ!"

"ಸುಮ್ಕಿರಮ್ಮಿ ನೀನು!"

ಮೂರು ನಲವತ್ತೈದು. ಅಂಗಳದಲ್ಲಿ ಲಾರಿಯ ಹಿಂಬಾಗಿಲು ಮುಚ್ಚಲು ಹಮಾಲಿ ಅಂಕಯ್ಯ ಸರಪಳಿ ಹಿಡಿದಿದ್ದ. ಜಯಪ್ರಕಾಶ್ ನಿಯಮ ಹೇಳಿದರು, ಬೇಡಿದರು, ಗದರಿದರು. ಕೊನೆಗೆ ಫೋನನ್ನು ರಾಜೇಂದ್ರನ ಕೈಗೆ ಕೊಟ್ಟು ಕುಕ್ಕರಿಸಿಬಿಟ್ಟರು. "ನೀವೇ ಮಾತಾಡಿ ಸ್ವಾಮಿ. ನನ್ನ ಹೆಂಡ್ತಿ ಅಂಗಡಿ ಹೋಯ್ತದೆ."

"ಅಜ್ಜಿ, ನಮಸ್ಕಾರ ಕಣಜ್ಜಿ."

"ಯಾವೂರಪ್ಪ ನಿಂದು?"

"ಬೆಳಕವಾಡಿ ಕಣಜ್ಜಿ."

"ಬೆಳಕವಾಡಿಯೋನಾಗಿ, ತಿಂಡಿಗೆ ಕಬ್ಬಿಣ ಯಾಕಿಕ್ತಾರೆ ಗೊತ್ತಿಲ್ವಾ? ನಿಮ್ಮವ್ವ ಇಕ್ಕಾಕಿಲ್ವಾ?"

"ಇಕ್ತಾಳಜ್ಜಿ. ಮೊನ್ನೆ ಕಜ್ಜಾಯದ ಜತೆ ಬೀಗದಕೈನೇ ಇಕ್ಕಿ ಕಳಿಸಿದ್ಲು. ಮೂರು ದಿನ ಬೀರು ಬಾಗ್ಲು ತೆಗೆಯಕಾಗ್ನಿಲ್ಲ." ರಾಜೇಂದ್ರ ಲಾರಿಯ ಕಡೆ ನಡೆದ. "ಈಗ ನೀವೇ ಹೇಳಿ. ಈ ತಿಂಡಿ ಹೋಗೋದು ಲಾರೀಲಿ. ಲಾರಿ ಏನ್ರದು?"

"ಕಬ್ಬಿಣದ್ದು."

"ಎಷ್ಟು ಕಬ್ಬಿಣ? ನಿಮ್ಮ ಕುಡ್ಲಿಗಿಂತ ಜಾಸ್ತಿನಾ ಕಮ್ಮಿನಾ?"

ಮೂರು ಐವತ್ತೆರಡು.

"ಮೆಣಸಿನಕಾಯಿ?"

"ಮುಂದ್ಗಡೆನೇ ನೇತಾಕವ್ರೆ ಅಜ್ಜಿ. ನಿಂಬೆಹಣ್ಣಿನ ಜತೆ."

"ಇಜ್ಲು?"

ರಾಜೇಂದ್ರ ಲಾರಿಯ ಸುತ್ತ ಕಣ್ಣಾಡಿಸಿದ. ಲಾರಿಯ ಹಿಂದಿನಿಂದ ಅಂಕಯ್ಯ ಕೂಗಿದ: "ಹೊಗೆ ಕೊಳವೆ ಒಳಗೆ ಒಂದು ಮಣ ಮಸಿ ಅದೆ ಅನ್ನಣ್ಣ!"

"ಹಂಗಾದ್ರೆ ಸರಿ," ಎಂದರು ಚಲುವಮ್ಮ. "ಬರ್ಕೊ. ಏಳು, ಮೂರು, ಮೂರು, ಒಂದು."

ಪೆಟ್ಟಿಗೆ ತೆರೆಯಿತು, ಕುಡುಗೋಲಿನ ಮುರುಕು ಹೊರಬಂತು. ಅಂಕಯ್ಯ ಒಳಗಿಣುಕಿ ತಲೆ ಚಚ್ಚಿಕೊಂಡ. "ಯಾರ್ ಸಾ ಹಪ್ಪಳ ಹಿಂಗೆ ಮಲಗ್ಸಿರೋರು? ಗಾಜು, ಹಪ್ಪಳ ಎರಡನ್ನೂ ನಿಲ್ಲಿಸ್ಬೇಕು. ಮಲಗ್ಸಿದ್ರೆ ಹಿಟ್ಟೇಯ." ಅವನ ಕೈ ಆಡಿದ ವೇಗಕ್ಕೆ ಮುನ್ನೂರು ಹಪ್ಪಳವೂ ಕವಾಯತಿನ ಪೊಲೀಸರಂತೆ ಎದ್ದು ನಿಂತವು. ನಾಲ್ಕಕ್ಕೆ ಒಂದು ನಿಮಿಷವಿರುವಾಗ ಸರಪಳಿ ಬಿತ್ತು, ಲಾರಿ ಹೊರಟಿತು.

ಆದರೆ ಹೊರಟದ್ದು ಮುಟ್ಟಬೇಕಲ್ಲ! ಶುಕ್ರವಾರ ಜಯಪ್ರಕಾಶರಿಗೆ ಅನ್ನ ಸೇರಲಿಲ್ಲ. ಬೆಳಗಾವಿಗೆ ಫೋನ್ ಮಾಡಿದರು. "ನಾನು ಹಪ್ಪಳದ ಕಡೆಯಿಂದ, ಜಯಪ್ರಕಾಶ್ ಅಂತ. ಪಾರ್ಸೆಲ್ ಬಂತಾ ಮೇಡಂ?" "ಇಲ್ಲರೀ." ಒಂದು ಗಂಟೆ ಬಿಟ್ಟು ಮತ್ತೆ. "ಬಂದ್ರ ಹೇಳ್ತೀನ್ರೀ." ಸಂಜೆಯೊಳಗೆ ಇನ್ನೂ ಆರು ಸಲ. ಶನಿವಾರ ಏಳಕ್ಕೆ, ಎಂಟಕ್ಕೆ, ಎಂಟೂವರೆಗೆ. "ಏ ಯಪ್ಪಾ, ಹೋಮಕ್ಕ ಕುಂತೀನಿ, ಫೋನ್ ಇಡಪಾ!" ನಯನ ದೇವರ ಮುಂದೆ ದೀಪ ಹಚ್ಚಿ ಕೂತಿದ್ದಳು. ಗಂಡನ ಜತೆ ಮಾತು ಬಿಟ್ಟು ಎರಡು ದಿನವಾಗಿತ್ತು.

ಹನ್ನೊಂದೂವರೆಗೆ ಫೋನು ಟಿಣ್ ಎಂದಿತು. ನಯನ ಓದಿದಳು. ಓದುತ್ತಾ ಓದುತ್ತಾ ಅವಳ ಕಣ್ಣು ತುಂಬಿ ಬಂತು.

"ಐದು ನಕ್ಷತ್ರ ರೀ! 'ಮುನ್ನೂರರಾಗ ಬರೇ ಮೂರು ಮುರದಾವ. ಕಜ್ಜಾಯ ಭಾಳ ಚಲೋ ಅದಾವ. ಮುಂದಿನ ವಾರಕ್ಕ ಸಾವಿರ ಹಪ್ಪಳ ಕಳಸ್ರಿ.'"

"ನೋಡಿದ್ಯಾ!" ಜಯಪ್ರಕಾಶರ ಕೈ ತಾನಾಗಿ ಎದೆಯ ಕಡೆ ಹೊರಟಿತು. "ಇದಕ್ಕೇ ಹೇಳೋದು, ನಿಯಮದ ಪ್ರಕಾರ..."

"ಇನ್ನೂ ಅದೆ ಇರಿ. 'ಒಂದು ಮಾತು. ನಿಮ್ಮಲ್ಲಿ ಜಯಪ್ರಕಾಶ್ ಅನ್ನಾಂವ ಒಬ್ಬ ಕೆಲಸದಂವ ಇದ್ದಾನ. ಎರಡು ದಿನದಾಗ ಹನ್ನೊಂದು ಸಲ ಫೋನ್ ಮಾಡಿ ಜೀವಾ ತಿಂದಾನ. ಮೊದಲ ಅವನ್ನ ತಗದ ಹಾಕ್ರಿ.'"

ಕೈ ದಾರಿಯಲ್ಲೇ ನಿಂತಿತು. ಚಲುವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಯನ ಆಗಲೇ ಉತ್ತರ ಒತ್ತತೊಡಗಿದ್ದಳು.

"ಏನಂತ ಬರೀತಾ ಇದ್ದೀಯ?" ಜಯಪ್ರಕಾಶ್ ಇಣುಕಿದರು.

"'ಕ್ಷಮಿಸಿ ಮೇಡಂ. ಖಾಯಂ ನೌಕರ, ತೆಗೆದು ಹಾಕೋಕೆ ಬರಲ್ಲ. ವರ್ಗಾವಣೆ ಮಾಡಿದ್ದೇನೆ.'"

"ವರ್ಗಾವಣೆನಾ? ಎಲ್ಲಿಗೆ?"

ನಯನ ಮೂಲೆಯಲ್ಲಿದ್ದ ಉದ್ದನೆಯ ಬಿದಿರು ಕೋಲನ್ನು ಅವರ ಕೈಗಿತ್ತು, ಮೆಟ್ಟಿಲ ಕಡೆ ಕಣ್ಣು ತೋರಿಸಿದಳು.

"ತಾರಸಿಗೆ. ಹೊಸ ಹಪ್ಪಳ ಒಣಗಾಕಿದೀನಿ. ಒಂದು ಕಾಗೆ ಕೂತ್ರೂ ನಿಮ್ಮನ್ನೇ ಕೇಳೋದು!"