ಸಮುದ್ರ ಒಳಗೆ ಬಾರದ ಡಬ್ಬಿ

ಸಮುದ್ರ ನೋಡಿದವರಿಗಿಂತ ನೋಡದವರಿಗೇ ಅದರ ಬಗ್ಗೆ ಹೆಚ್ಚು ತಿಳಿದಿರುತ್ತದೆ ಎಂಬುದು ನನ್ನ ಅನುಭವ. ನಾನು ಹಾನಗಲ್ಲಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುತ್ತ ಕುಳಿತವನು. ಕೈ ತನ್ನಷ್ಟಕ್ಕೆ ತಾನು ಸುತ್ತುತ್ತಿರುತ್ತದೆ. ಮನಸ್ಸು ಮೆಲ್ಲಗೆ ಎದ್ದು ಕಾರವಾರದ ಕಡೆ ಹೊರಟುಬಿಡುತ್ತದೆ. ಭತ್ತದ ಗದ್ದೆಯ ಮೇಲೆ ಗಾಳಿ ಬೀಸಿದರೆ ಸಾಕು, ಅಂಗಡಿಯ ಬಾಗಿಲಲ್ಲಿ ನಿಂತು ಅಲೆ ನೋಡುತ್ತೇನೆ. ಒಮ್ಮೆ ಹಿರೇಕೆರೂರು ಕಡೆಯ ಗಿರಾಕಿಯೊಬ್ಬರು "ಮಿಸ್ತ್ರಿ, ನಮ್ಮ ಮೋಟಾರ್ ಆತೇನ್ರಿ?" ಎಂದು ಕೇಳಿದಾಗ, ಅದೇ ಗುಂಗಿನಲ್ಲಿ "ಸಮುದ್ರದ ಭರತ ಇಳೀಲಿ, ತಡೀರಿ" ಎಂದುಬಿಟ್ಟೆ. ಅವರು ಮೋಟಾರು ಎತ್ತಿಕೊಂಡು ಬೇರೆ ಅಂಗಡಿಗೆ ಹೋದರು.

ನನ್ನ ಹೆಂಡತಿ ಗಿರಿಜಾಳ ತಮ್ಮ ಬಸಣ್ಣ ಮಾತ್ರ ಕನಸುಗಿನಸಿನ ಗೊಡವೆಗೆ ಹೋಗದೆ ನೇರ ಸಮುದ್ರಕ್ಕೇ ಹೋದ. ಸವಣೂರಿನಿಂದ ವೀಳ್ಯದೆಲೆ ಒಯ್ದು ಕರಾವಳಿಯಲ್ಲಿ ಮಾರುತ್ತಿದ್ದವನು, ಅಲ್ಲಿಯೇ ಒಂದು ಹಳೆಯ ಜೆಟ್ ಸ್ಕೀ ಹಿಡಿದು ಪ್ರವಾಸಿಗರನ್ನು ಅಲೆಯ ಮೇಲೆ ಸುತ್ತಿಸತೊಡಗಿದ. ನಮ್ಮ ಮನೆಯಲ್ಲಿ ಅದರ ಹೆಸರು ನೀರಿನ ಬೈಕು. ಅವನ ಸಂಸಾರ ನಡೆಯುವುದು ಅದೊಂದರ ಮೇಲೆಯೇ. ದೀಪಾವಳಿ ಹತ್ತಿರ ಬಂದಾಗ ಅವನು ಮುಖ ಸಣ್ಣದು ಮಾಡಿಕೊಂಡು, ಒಂದು ಕರಿಯ ಡಬ್ಬಿ ಹಿಡಿದು ನನ್ನ ಅಂಗಡಿಗೆ ಬಂದ. ಎಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಸಾಮಾನು ಇರುವುದು ಅದರಲ್ಲೇ. ಉಪ್ಪುನೀರು ಒಳಹೊಕ್ಕು ಪಿನ್ನುಗಳೆಲ್ಲ ಹಸಿರುಗಟ್ಟಿದ್ದವು.

"ಮಾವಾರ, ಹಿಂಗ ಆಗಿದ್ದು ಇದು ಎರಡನೇ ಸರ್ತಿರಿ. ರಜಾಕ್ಕ ಮಂದಿ ಬರೋ ಹೊತ್ತಿನ್ಯಾಗ ಗಾಡಿ ನಿಂತ್ರ ದಂಡಿ ಮ್ಯಾಲಿನ ನನ್ನ ಜಾಗಾ ಮತ್ತೊಬ್ಬರಿಗೆ ಕೊಡ್ತಾರ. ಒಂದ್ ಹನಿ ನೀರು ಒಳಗ ಹೋಗದಂಗ ಮಾಡಿಕೊಡ್ರಿ. ಆಮ್ಯಾಲ ನಿಮ್ಮನ್ನ ಸಮುದ್ರದ ನಡುವ ಒಯ್ತೇನಿ" ಎಂದ.

ಸತ್ಯ ಹೇಳಬೇಕೆಂದರೆ ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ.

ಹೊಸ ಸಾಮಾನನ್ನು ಅವನೇ ತಂದಿದ್ದ. ಡಬ್ಬಿಯ ಹೊರಗೆ ತಂತಿ ಜೋಡಿಸುವ ಕನೆಕ್ಟರುಗಳಲ್ಲೆಲ್ಲ ಗ್ರೀಸ್ ತುಂಬಿದೆ. ತಂತಿ ಹೊರಬರುವ ತೂತುಗಳ ಸಂದುಗಳನ್ನು ಮುಚ್ಚಿದೆ. ಮುಚ್ಚಳದ ಸವೆದ ರಬ್ಬರ್ ರಿಂಗು ತೆಗೆದು ಹೊಸದು ಕೂಡಿಸಿದೆ. ಪರೀಕ್ಷೆಗೆಂದು ಖಾಲಿ ಡಬ್ಬಿಯಲ್ಲಿ ಹಳೆಯ ಪೇಪರಿನ ತುಂಡೊಂದನ್ನಿಟ್ಟು ಮುಚ್ಚಿ, ಬಕೆಟ್ಟಿನಲ್ಲಿ ಹರಳುಪ್ಪು ಕದಡಿ, ಮೇಲೆ ಕಲ್ಲು ಹೇರಿ ಮುಳುಗಿಸಿದೆ. ಗಿರಿಜಾ ಉಪ್ಪಿನ ಡಬ್ಬಿಯ ತಳ ಬಡಿದು "ಇವತ್ತ ಸಾರಿಗೆ ಆ ಬಕೇಟ್ನಾಗಿಂದು ಒಂದ್ ಸೌಟು ಹಾಕ್ಲೇನ್ರಿ?" ಎಂದಳು. ನಾನು ಬಕೆಟ್ಟಿನ ಪಕ್ಕ ಕುಳಿತು ಬೆರಳಿನಿಂದ ಅಲೆ ಎಬ್ಬಿಸುತ್ತಿದ್ದೆ. ಸಂಜೆಗೆ ತೆಗೆದು ನೋಡಿದರೆ ಪೇಪರು ಹಪ್ಪಳದ ಹಾಗೆ ಗರಿಗರಿಯಾಗಿತ್ತು. ಬಸಣ್ಣ ನನ್ನ ಕಾಲಿಗೆ ಬೀಳುವುದೊಂದು ಬಾಕಿ.

ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಮ್ಮ ಅಂಗಡಿಯಿಂದ ಹೊರಬೀಳುವ ಯಾವ ಮೋಟಾರೂ ವಿಭೂತಿಯಿಲ್ಲದೆ ಹೋಗಿಲ್ಲ. ಮೂರು ಬೆರಳಲ್ಲಿ ಮೂರು ಗೆರೆ ಎಳೆದ ಮೇಲೆಯೇ ಅದು ಗಿರಾಕಿಯ ಎತ್ತಿನಗಾಡಿಯನ್ನೋ ಟ್ರ್ಯಾಕ್ಟರನ್ನೋ ಏರುವುದು. ಮರುದಿನ ಮುಂಜಾನೆ ಸಾಮಾನನ್ನೆಲ್ಲ ಡಬ್ಬಿಯೊಳಗೆ ಕೂಡಿಸಿಯಾದ ಮೇಲೆ ನನಗೊಂದು ದೊಡ್ಡ ವಿಚಾರ ಹೊಳೆಯಿತು. ಹೊರಗೆ ಹಚ್ಚಿದರೆ ಮೊದಲನೆಯ ಅಲೆಗೇ ತೊಳೆದುಹೋಗುತ್ತದೆ. ಹೊರಗಿನ ವಿಭೂತಿ ಹೊಲದ ಮೋಟಾರಿಗಾಯಿತು, ಸಮುದ್ರದ ಸಾಮಾನಿಗೆ ಒಳಗಿನದೇ ಆಗಬೇಕು. ಒಂದು ಚಹಾ ಮುಗಿಯುವತನಕ ಇದನ್ನು ಚಿಂತಿಸಿ, ನನ್ನ ಬುದ್ಧಿಗೆ ನಾನೇ ತಲೆದೂಗಿ, ವಿಭೂತಿಯನ್ನು ಧಾರಾಳವಾಗಿ ನೀರಲ್ಲಿ ಕಲಸಿ, ಡಬ್ಬಿಯ ಒಳಗೆ ಮೂರು ಗೆರೆ ಎಳೆದೆ. ಅಷ್ಟರಲ್ಲಿ ಶಿರಸಿ ಬಸ್ಸು ಬಂತೆಂದು ಬಸಣ್ಣ ಕೂಗಿದ. ಮುಚ್ಚಳ ಹಾಕಿ ಎಂಟೂ ಸ್ಕ್ರೂ ಬಿಗಿದು ಕಳಿಸಿದೆ.

ಪಾಡ್ಯದ ದಿನ ಬಸಣ್ಣನ ಫೋನು ಬಂತು. ಹೊಸ ಗಂಡ ಹೆಂಡತಿಯನ್ನು ಕೂಡಿಸಿಕೊಂಡು ಹೋದಾಗ ಗಾಡಿ ನೀರಿನ ನಡುವೆಯೇ ನಿಂತಿತಂತೆ, ಮೀನುಗಾರರ ದೋಣಿಗೆ ಕಟ್ಟಿ ಎಳೆದು ತಂದರಂತೆ. ನಾನು ಸಿಡಿದೆ. "ಸಂಜೀಕ ಸಿಹಿನೀರ್ಲೆ ತೊಳದೀಯಿಲ್ಲೋ? ನಂಗ ಕೇಳದ ಡಬ್ಬಿ ತಗದೀಯೇನ? ಉಪ್ಪಂದ್ರ ಏನಂತ ತಿಳದೀ?" ಎಂದು ಸಮುದ್ರದ ದಂಡೆಯಲ್ಲಿ ನಿಂತವನಿಗೆ ಹಾನಗಲ್ಲಿನಿಂದ ಉಪ್ಪಿನ ಪಾಠ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡು, ವಿಡಿಯೋ ಹಚ್ಚಿ, ಫೋನಿನ ಮುಂದೆಯೇ ಸ್ಕ್ರೂ ಬಿಚ್ಚಿದ. ರಬ್ಬರ್ ರಿಂಗು ನಾನು ಕೂಡಿಸಿದಂತೆಯೇ ಇತ್ತು. ಒಳಗೆ ಮೂರು ಬಿಳಿಯ ಗೆರೆಗಳಿದ್ದವು. ಅವುಗಳಿಂದ ಇಳಿದ ರಾಡಿ ಒಳಗಿನ ಒಂದು ಕನೆಕ್ಟರಿನ ಪಿನ್ನುಗಳಿಗೆ ಮೆತ್ತಿಕೊಂಡು, ಆರಲು ದಾರಿಯಿಲ್ಲದೆ, ಅವನ್ನು ಹಸಿರು ಮಾಡಿತ್ತು.

"ಮಾವಾರ, ಸಮುದ್ರ ಒಳಗ ಬಂದಿಲ್ರಿ" ಎಂದ ಬಸಣ್ಣ ಮೆತ್ತಗೆ. "ನೀವ ಬಂದೀರಿ."

ಹಿಂದೆ ನಿಂತು ನೋಡುತ್ತಿದ್ದ ನನ್ನ ಅವ್ವ "ವಿಭೂತಿ ಹಚ್ಚಿದ ಮ್ಯಾಲ ಅದು ಆರೂಮಟ ಸುಮ್ಮ ಕುಂದ್ರಬೇಕಪಾ. ಹಸೀದನ್ನ ಒಳಗ ಹಾಕಿ ಬಾಗಲಾ ಬಡದ್ರ ದೇವರರ ಏನ್ ಮಾಡ್ಯಾನು?" ಎಂದಳು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಒಬ್ಬನ ಅನ್ನದ ಮೇಲೆ ನನ್ನ ಜಾಣತನ ಸುರಿದಿದ್ದೆನಲ್ಲ ಎಂಬ ಸಂಕಟಕ್ಕೆ ಹಬ್ಬದ ಹೋಳಿಗೆಯನ್ನೂ ತಾಟಿನಲ್ಲೇ ಬಿಟ್ಟು ಎದ್ದೆ. ಬಸಣ್ಣನೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪಿನ್ನು ತಿಕ್ಕಿ, ಬಿಸಿಲಲ್ಲಿ ಚೆನ್ನಾಗಿ ಆರಿಸಿ, ಗ್ರೀಸ್ ಹಚ್ಚಿ ಮುಚ್ಚಿದ. ಎರಡು ದಿನ ದಂಡೆಯಲ್ಲಿ ಕೈಕಟ್ಟಿ ಕುಳಿತ ಮೇಲೆ ಗಾಡಿ ಶುರುವಾಯಿತು. ಪುಣ್ಯಕ್ಕೆ ಅವನ ಜಾಗ ಉಳಿಯಿತು.

ಕಳೆದ ತಿಂಗಳು ಅವನು ಮಾತು ಉಳಿಸಿಕೊಂಡ. ಕೇಸರಿ ಜಾಕೀಟು ತೊಡಿಸಿ ನನ್ನನ್ನು ಹಿಂದೆ ಕೂಡಿಸಿಕೊಂಡು ಹೊರಟ. ದಂಡೆ ದೂರವಾಗುತ್ತ ಹೋಯಿತು, ಮಂದಿಯ ಗದ್ದಲ ಅಡಗಿತು, ನೀರೂ ಆಕಾಶವೂ ಎಲ್ಲಿ ಬೇರೆಯಾಗುತ್ತವೆ ಎಂಬುದೇ ತಿಳಿಯದಾಯಿತು. ಎಂಜಿನ್ನು ಒಂದೇ ಶ್ರುತಿಯಲ್ಲಿ ಗುನುಗುತ್ತಿತ್ತು. ಆ ಡಬ್ಬಿ ನನ್ನ ಕೆಳಗೆಲ್ಲೋ ಕುಳಿತು ಕಿಡಿ ಕೊಡುತ್ತಿದೆ ಎಂದುಕೊಂಡಾಗ ಕಣ್ಣು ತುಂಬಿತು. ಪ್ರೀತಿ ತಡೆಯಲಾಗದೆ ಬಲಗೈ ಅವನ ಸೊಂಟ ಬಿಟ್ಟು ತಾನಾಗಿ ಕಿಸೆಯಲ್ಲಿದ್ದ ವಿಭೂತಿ ಗಟ್ಟಿಯನ್ನು ಹುಡುಕಿತು. ಕಲಸಲು ನೀರಿಗೇನೂ ಕೊರತೆಯಿರಲಿಲ್ಲ.

ಬಸಣ್ಣ ಹಿಂದಿರುಗಿಯೂ ನೋಡಲಿಲ್ಲ.

"ಮಾವಾರ, ಎರಡೂ ಕೈಲೆ ನನ್ನ ಹಿಡಕೊರ್ರಿ" ಎಂದ.

ಹಿಡಿದುಕೊಂಡೆ.